ಕಾಲು ಮೂಗಿಗೆ, ಕೈ ಜಾಗಕ್ಕೆ: ಅಡ್ಡಗಾಳಿಯಲ್ಲಿ ಕೆಟ್ಟ ಒಂದು ಲ್ಯಾಂಡಿಂಗ್

ಹೋದ ಆಷಾಢದಲ್ಲಿ ನನ್ನ ಅಕ್ಕನ ಮಗಳು ದಾವಣಗೆರೆಗೆ ಬಂದಳು. ಹಬ್ಬ ಇರಲಿಲ್ಲ, ಮನೆಯಲ್ಲಿ ಮದುವೆಯೂ ಇರಲಿಲ್ಲ. ಕೈಯಲ್ಲಿ ಒಂದು ಬ್ಯಾಗು, ಅದರೊಳಗೆ ಹಾರಾಟದ ಲಾಗ್ ಪುಸ್ತಕ. ಅಕ್ಕ ಮೊದಲೇ ಫೋನ್ ಮಾಡಿದ್ದಳು. "ನೀನೇ ಒಂಚೂರು ಮಾತಾಡೋ. ಇನ್ನು ಹಾರೋದೇ ಬೇಡ ಅಂತಾಳೆ."

ನಾನು 20ಕ್ಕೂ ಹೆಚ್ಚು ವರ್ಷ ಸಣ್ಣ ವಿಮಾನದಲ್ಲಿ ಪಾಠ ಹೇಳಿದವನು. ಈಗ ಊರಲ್ಲೇ ಇದ್ದೇನೆ. ಹುಡುಗಿ ಪೈಲಟ್ ಆಗುತ್ತೇನೆ ಅಂದಾಗ ಮನೆಯಲ್ಲಿ ಮೊದಲು ಹೂಂ ಅಂದವನೂ ನಾನೇ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅವಳದ್ದು 58 ಗಂಟೆಗೆ ನಿಂತಿತ್ತು. ಅವಳಪ್ಪ ಮೆಕ್ಕೆಜೋಳದ ವ್ಯಾಪಾರದವರು, ಸಾಲ ಮಾಡಿ ಓದಿಸುತ್ತಿದ್ದಾರೆ. ಆ ಭಾರವೂ ಅವಳ ತಲೆ ಮೇಲಿತ್ತು.

ಇಲ್ಲಿ ಬರೆಯುತ್ತಿರುವುದು ಆ ಒಂದು ಲ್ಯಾಂಡಿಂಗ್ ಬಗ್ಗೆ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವಳ ಹೆಸರು, ಕಲಿಯುತ್ತಿದ್ದ ಶಾಲೆಯ ಹೆಸರು ಎರಡೂ ಬೇಡ. ಇದೇ ತಪ್ಪನ್ನು ನಾನು ಎಷ್ಟೋ ವಿದ್ಯಾರ್ಥಿಗಳಲ್ಲಿ ನೋಡಿದ್ದೇನೆ.

ಆ ದಿನ ಆಗಿದ್ದು

ವಿಮಾನ ಸೆಸ್ನಾ 172. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರು. ರನ್‌ವೇ 18, ಅಂದರೆ ಮೂಗು 180 ಡಿಗ್ರಿಗೆ, ನೇರ ದಕ್ಷಿಣಕ್ಕೆ. ಟವರ್ ಹೇಳಿದ ಗಾಳಿ 240 ಡಿಗ್ರಿಯಿಂದ 14 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), ಆಗಾಗ 20ರ ತನಕ ಜೋರು. ಹೊರಟಾಗ ಇಷ್ಟು ಇರಲಿಲ್ಲ. ಮಳೆಗಾಲದ ಗಾಳಿ ಗೊತ್ತಲ್ಲ, ಹೊತ್ತು ಏರಿದ ಹಾಗೆ ಅದೂ ಏರುತ್ತದೆ.

ಎರಡು ಲ್ಯಾಂಡಿಂಗ್ ಹೇಗೋ ಆದವು. ಮೂರನೆಯದರಲ್ಲಿ ಅವಳು ಮೂಗನ್ನು ಗಾಳಿಯ ಕಡೆಗೆ, ಬಲಕ್ಕೆ, ಸುಮಾರು 10 ಡಿಗ್ರಿ ತಿರುಗಿಸಿಕೊಂಡು ಬಂದಳು. ವಿಮಾನ ಓರೆಯಾಗಿ ನಿಂತಿದ್ದರೂ ಮಧ್ಯದ ಗೆರೆಯ ಮೇಲೇ ಸಾಗುತ್ತಿತ್ತು. ಇದು ಸರಿಯೇ. ರನ್‌ವೇ ಮೇಲೆ ಬಂದು ಮೂಗು ಎತ್ತಿದಾಗ ಎಡಗಾಲಿನ ಪೆಡಲ್ ಒತ್ತಿ ಮೂಗನ್ನು ನೇರ ಮಾಡಿದಳು. ಅದೂ ಸರಿಯೇ. ಆದರೆ ಯೋಕ್ (ರೆಕ್ಕೆ ವಾಲಿಸುವ ಸ್ಟಿಯರಿಂಗ್) ಹಿಡಿದ ಕೈ ಸುಮ್ನೆ ಇತ್ತು.

ವೇಗ ಸ್ವಲ್ಪ ಜಾಸ್ತಿ ಇದ್ದುದರಿಂದ ವಿಮಾನ ತಕ್ಷಣ ನೆಲ ಮುಟ್ಟಲಿಲ್ಲ, ತೇಲಿತು. ತೇಲುತ್ತಾ ಎಡಕ್ಕೆ ಸರಿಯಿತು. ಎಡ ಚಕ್ರ ಮೊದಲು ಬಿತ್ತು, ಅಡ್ಡಡ್ಡ ಉಜ್ಜಿ ಕೀರ್ ಎಂದಿತು. ಬಲ ರೆಕ್ಕೆ ಮೇಲೆದ್ದಿತು. ನೆಲ ಸಿಕ್ಕಿತಲ್ಲ ಅನ್ನುವ ಸಮಾಧಾನಕ್ಕೆ ಅವಳು ಯೋಕ್ ಸಡಿಲ ಬಿಟ್ಟಳು. ಎಡಗಾಲು ಮಾತ್ರ ಒತ್ತಿದಂತೆಯೇ ಇತ್ತು. ಅಷ್ಟರಲ್ಲಿ ಮುಂದಿನ ಚಕ್ರ ಕೆಳಗೆ ಬಂತು. 172ರಲ್ಲಿ ಮುಂದಿನ ಚಕ್ರವೂ ಅದೇ ಪೆಡಲಿಗೆ ಜೋಡಿಸಿದ್ದು. ವಿಮಾನ ಸೀದಾ ಎಡಕ್ಕೆ ನುಗ್ಗಿತು. ಇನ್‌ಸ್ಟ್ರಕ್ಟರ್ ಕಂಟ್ರೋಲ್ ತೆಗೆದುಕೊಂಡು ನಿಲ್ಲಿಸುವಷ್ಟರಲ್ಲಿ ಎಡ ಚಕ್ರ ಹುಲ್ಲಿನ ಮೇಲಿತ್ತು.

ಯಾರಿಗೂ ಏನೂ ಆಗಲಿಲ್ಲ. ಟೈರ್ ಒಂದು ಕಡೆ ಸವೆದಿತ್ತು, ಅಷ್ಟೇ. ಆದರೆ ಅವಳು ಒಳಗೆ ನಡುಗಿ ಹೋಗಿದ್ದಳು. "ಮಾಮ, ನಾನು ಎಲ್ಲಾ ಮಾಡಿದ್ದೆ. ಆದ್ರೂ ಅದು ನನ್ ಮಾತು ಕೇಳ್ಲಿಲ್ಲ" ಎಂದಳು.

ಆ ಮಾತು ಕೇಳಿದಾಗಲೇ ತಪ್ಪು ಎಲ್ಲಿದೆ ಎಂದು ನನಗೆ ಅಂದಾಜಾಯಿತು. ಎಲ್ಲಾ ಮಾಡಿರಲಿಲ್ಲ, ಅರ್ಧ ಮಾಡಿದ್ದಳು. ಉಳಿದ ಅರ್ಧ ಇದೆ ಎಂದು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ.

ಲಾಗ್ ಪುಸ್ತಕ ಹೇಳಿದ್ದು

ರಾತ್ರಿ ಊಟ ಆದ ಮೇಲೆ ಪುಸ್ತಕ ತೆಗೆದು ಕೂತೆ. 58 ಗಂಟೆಯಲ್ಲಿ ಹೆಚ್ಚಿನ ಹಾರಾಟ ಬೆಳಿಗ್ಗೆ 6ರಿಂದ 8ರೊಳಗೆ. ಆ ಹೊತ್ತಲ್ಲಿ ಗಾಳಿ ಮಲಗಿರುತ್ತದೆ. ಶಾಲೆಗೆ ಅದು ಅನುಕೂಲ. ಒಂದು ಗಂಟೆಯಲ್ಲಿ ಜಾಸ್ತಿ ಲ್ಯಾಂಡಿಂಗ್ ಆಗುತ್ತವೆ, ತಕರಾರು ಕಡಿಮೆ.

"ಗಾಳಿ ಇದ್ದ ದಿನ ಏನ್ ಮಾಡ್ತಿದ್ರವ್ವಾ?" ಎಂದು ಕೇಳಿದೆ.

"ಸರ್ ನಾನೇ ಇಳಿಸ್ತೀನಿ ಬಿಡು ಅಂತಿದ್ರು. ನಾನು ನೋಡ್ತಾ ಕೂತಿರ್ತಿದ್ದೆ."

ನನಗೆ ಸಿಟ್ಟು ಬಂತು, ಈಗಲೂ ಇದೆ. ಈಜು ಕಲಿಸುವವನು ನೀರಿನ ಸೆಳೆತ ಬಂದಾಗಲೆಲ್ಲ ಮಗುವನ್ನು ಎತ್ತಿಕೊಂಡು ದಾಟಿಸಿದರೆ ಆ ಮಗು ಯಾವಾಗ ಕಲಿಯಬೇಕು? 8 ನಾಟ್ ಅಡ್ಡಗಾಳಿಯಲ್ಲಿ ಹತ್ತು ಸಲ ತಿಣುಕಿಸಿದ್ದರೆ 12 ನಾಟ್ ದಿನ ಅವಳು ಹೀಗೆ ಹುಲ್ಲಿಗೆ ಇಳಿಯುತ್ತಿರಲಿಲ್ಲ.

ಇನ್ನೊಂದು ವಿಷಯವೂ ಹೊರಬಂತು. ಅವಳು ಮೊಬೈಲಿನಲ್ಲಿ ದೊಡ್ಡ ವಿಮಾನಗಳ ಲ್ಯಾಂಡಿಂಗ್ ವಿಡಿಯೋ ತುಂಬಾ ನೋಡಿದ್ದಳು. ಓರೆಯಾಗಿ ಬಂದು, ಕೊನೆಯ ಕ್ಷಣದಲ್ಲಿ ಮೂಗು ಒದ್ದು ನೇರ ಮಾಡಿ ಇಳಿಸುವುದು. ನೋಡಲು ಚೆನ್ನಾಗಿರುತ್ತದೆ. ಆದರೆ ದೊಡ್ಡ ಜೆಟ್‌ಗಳಲ್ಲಿ ಎಂಜಿನ್ ರೆಕ್ಕೆಯ ಕೆಳಗೆ, ನೆಲಕ್ಕೆ ಹತ್ತಿರ ತೂಗುತ್ತಿರುತ್ತದೆ. ರೆಕ್ಕೆ ಜಾಸ್ತಿ ವಾಲಿಸಿದರೆ ಎಂಜಿನ್ ನೆಲಕ್ಕೆ ಬಡಿಯುತ್ತದೆ. ಅವರು ಹಾಗೆ ಇಳಿಸುವುದಕ್ಕೆ ಅದೊಂದು ಮುಖ್ಯ ಕಾರಣ. ಸೆಸ್ನಾದ ರೆಕ್ಕೆ ತಲೆಯ ಮೇಲಿದೆ, ಎಂಜಿನ್ ಮೂಗಿನಲ್ಲಿದೆ. ನಮಗೆ ಆ ಕಟ್ಟುಪಾಡು ಇಲ್ಲ.

ಆಣೆ ಲೆಕ್ಕ

ಮೊದಲು ಗಾಳಿಯ ಲೆಕ್ಕ. ಟವರ್ 14 ನಾಟ್ ಅಂದರೆ ಅಷ್ಟೂ ಅಡ್ಡಕ್ಕೆ ಬರುವುದಿಲ್ಲ, ಕೋನ ನೋಡಬೇಕು. ಇದನ್ನು ನಾನು ಯಾವಾಗಲೂ ಆಣೆಯಲ್ಲಿ ಹೇಳಿಕೊಡುತ್ತೇನೆ. ರನ್‌ವೇಗೂ ಗಾಳಿಗೂ 15 ಡಿಗ್ರಿ ಇದ್ದರೆ ನಾಲ್ಕಾಣೆ ಅಡ್ಡಗಾಳಿ. 30 ಡಿಗ್ರಿಗೆ ಎಂಟಾಣೆ. 45ಕ್ಕೆ ಹನ್ನೆರಡಾಣೆ. 60 ದಾಟಿದರೆ ಹದಿನಾರಾಣೆ ಎಂದೇ ಹಿಡಿಯಿರಿ. ನಿಜವಾದ ಲೆಕ್ಕದಲ್ಲಿ 60 ಡಿಗ್ರಿಗೆ ನೂರಕ್ಕೆ 87 ಪಾಲು. ಆದರೆ ಕಾಕ್‌ಪಿಟ್‌ನಲ್ಲಿ ಕೂತು ಗುಣಾಕಾರ ಮಾಡಲು ಆಗುವುದಿಲ್ಲ, ಅಲ್ವಾ?

ಆ ದಿನ 180ಕ್ಕೂ 240ಕ್ಕೂ ಅಂತರ 60 ಡಿಗ್ರಿ. ಅಂದರೆ ಸುಮಾರು 12 ನಾಟ್ ಅಡ್ಡಗಾಳಿ. ಜೋರು ಬಂದಾಗ 17. ಸೆಸ್ನಾ 172ರ ಪುಸ್ತಕದಲ್ಲಿ 15 ನಾಟ್ ಎಂದು ಬರೆದಿದೆ. ಅವಳು ಅದನ್ನು "15ರ ತನಕ ಓಕೆ" ಎಂದು ಓದಿಕೊಂಡಿದ್ದಳು. ಆ 15 ಅಂದರೆ ಪಳಗಿದ ಟೆಸ್ಟ್ ಪೈಲಟ್ ಇಳಿಸಿ ತೋರಿಸಿದ ಗಾಳಿ. ವಿಮಾನ ಅದಕ್ಕಿಂತ ಮೇಲೂ ತಾಳಬಹುದು. 58 ಗಂಟೆಯ ಹುಡುಗಿ ಅದರಲ್ಲಿ ಅರ್ಧಕ್ಕೇ ಸೋಲಬಹುದು. ಅವಳಿಗೆ ಅವಳದೇ ಒಂದು ಅಂಕಿ ಬೇಕು. ಅದನ್ನು ನೆಲದ ಮೇಲೆ ಇದ್ದಾಗಲೇ ಕಾಗದದಲ್ಲಿ ಬರೆದಿಟ್ಟಿರಬೇಕು, ಜೋರು ಗಾಳಿಯ ಅಂಕಿಯನ್ನೂ ಸೇರಿಸಿ.

ರನ್‌ವೇ ಕಟ್ಟುವಾಗಲೂ ಈ ಲೆಕ್ಕ ಇರುತ್ತದೆ. ವರ್ಷದಲ್ಲಿ ಕನಿಷ್ಠ ನೂರಕ್ಕೆ 95 ಪಾಲು ಸಮಯ ಅಡ್ಡಗಾಳಿ ಮಿತಿಯೊಳಗೆ ಇರುವಂತೆ ದಿಕ್ಕು ಆರಿಸಬೇಕು ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು. ಆದರೆ ಉದ್ದ ರನ್‌ವೇ ಬೇಕಾಗುವ ದೊಡ್ಡ ವಿಮಾನಗಳಿಗೆ ಆ ಮಿತಿ 20 ನಾಟ್, ಚಿಕ್ಕ ರನ್‌ವೇ ಸಾಕಾಗುವ ಸಣ್ಣ ವಿಮಾನಗಳಿಗೆ 10. ಜೆಟ್‌ಗೆ ಸಲೀಸಾದ ರನ್‌ವೇಯಲ್ಲಿ ಸೆಸ್ನಾ ಒದ್ದಾಡುವುದು ಇದಕ್ಕೇ.

ನಾಲೆ, ಬೈಕು, ಲಾರಿ

ಮರುದಿನ ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಚಿತ್ರದುರ್ಗದ ಕಡೆ ಹೊರಟೆ. ಓಡಿಸಲು ಅವಳಿಗೇ ಹೇಳಿ ನಾನು ಹಿಂದೆ ಕೂತೆ. ಸುಮಾರು 60 ಕಿಲೋಮೀಟರ್ ಹೆದ್ದಾರಿ. ಆಷಾಢದ ಗಾಳಿ ಬಲಗಡೆಯಿಂದ ಬಡಿಯುತ್ತಿತ್ತು. ಅವಳ ರನ್‌ವೇಯಲ್ಲೂ ಗಾಳಿ ಬಲದಿಂದಲೇ ಬಂದಿತ್ತು.

ದಾರಿಯಲ್ಲಿ ಭದ್ರಾ ನಾಲೆಯ ನೆನಪು ಮಾಡಿದೆ. ಚಿಕ್ಕವಳಿದ್ದಾಗ ನಾಲೆಯಲ್ಲಿ ಈಜು ಕಲಿಸಿದ್ದು ನಾನೇ. ಆಚೆ ದಡದ ಮೆಟ್ಟಿಲು ಮುಟ್ಟಬೇಕಾದರೆ ಮೆಟ್ಟಿಲಿನ ಕಡೆಗೇ ಮುಖ ಮಾಡಿ ಈಜಿದರೆ ಆಗುವುದಿಲ್ಲ, ನೀರು ಕೆಳಗೆ ಎಳೆದುಕೊಂಡು ಹೋಗುತ್ತದೆ. ಮೇಲ್ಗಡೆಗೆ ಮುಖ ಮಾಡಿ ಓರೆಯಾಗಿ ಈಜಬೇಕು. ಆಗ ನೇರ ದಾಟುತ್ತೀರಿ. ವಿಮಾನದಲ್ಲಿ ಇದಕ್ಕೆ ಕ್ರ್ಯಾಬ್ ಎನ್ನುತ್ತಾರೆ, ಏಡಿಯ ನಡಿಗೆ. ಇದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆದರೆ ದಡ ಹತ್ತುವಾಗ ಓರೆಯಾಗಿ ಹತ್ತಲು ಆಗುವುದಿಲ್ಲ. ಚಕ್ರಗಳು ರನ್‌ವೇಗೆ ನೇರ ಇರಲೇಬೇಕು. ಓರೆ ಬಿಟ್ಟು ಮೂಗು ನೇರ ಮಾಡಿದ ತಕ್ಷಣ ಗಾಳಿ ವಿಮಾನವನ್ನು ತಳ್ಳಲು ಶುರು ಮಾಡುತ್ತದೆ. ಒಂದೆರಡು ಸೆಕೆಂಡು ವಿಮಾನದ ತೂಕವೇ ಅದನ್ನು ಇದ್ದ ಗೆರೆಯಲ್ಲಿ ಹಿಡಿದಿರುತ್ತದೆ. ಅಷ್ಟರಲ್ಲಿ ಚಕ್ರ ಮುಟ್ಟಿದರೆ ಬಚಾವ್. ತೇಲಿದರೆ ಜಾರುವುದು ಖಚಿತ. ಜೊತೆಗೆ, ಎಡಗಾಲು ಒತ್ತಿದಾಗ ಬಲ ರೆಕ್ಕೆ ಮುಂದಕ್ಕೆ ಬೀಸುತ್ತದೆ. ಅದಕ್ಕೆ ಆ ಕ್ಷಣ ಗಾಳಿ ಜಾಸ್ತಿ ಸಿಕ್ಕಿ ಮೇಲೇಳುತ್ತದೆ. ಹೀಗೆ ಗಾಳಿಯ ಕಡೆಯ ರೆಕ್ಕೆಯೇ ಎದ್ದರೆ ಅದರ ಕೆಳಗೆ ಗಾಳಿ ನುಗ್ಗುತ್ತದೆ. ಅವಳಿಗೆ ಆದದ್ದು ಪೂರ್ತಿ ಇದೇ.

ಚಿತ್ರದುರ್ಗ ಹತ್ತಿರ ಬಂದ ಹಾಗೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಂಡವು. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ತಿರುಗುತ್ತಿದ್ದವು. ರನ್‌ವೇ ಪಕ್ಕ ಗಾಳಿಯ ದಿಕ್ಕು ತೋರಿಸಲು ಬಟ್ಟೆಯ ವಿಂಡ್‌ಸಾಕ್ ಕಟ್ಟಿರುತ್ತಾರೆ. ಅಷ್ಟು ದೊಡ್ಡ ವಿಂಡ್‌ಸಾಕ್ ಬೇರೆ ಎಲ್ಲಿ ಸಿಗುತ್ತದೆ! ಗಾಳಿ ಇನ್ನೂ ಜೋರಾಯಿತು.

"ಈಗ ಬೈಕ್ ಹೆಂಗಿದೆ ನೋಡು" ಎಂದೆ.

"ಬಲಕ್ಕೆ ವಾಲಿದೆ ಮಾಮ."

"ಹೋಗ್ತಿರೋದು?"

"ನೇರಕ್ಕೇ."

ಅಷ್ಟರಲ್ಲಿ ಒಂದು ಲಾರಿ ಬಲಗಡೆಯಿಂದ ನಮ್ಮನ್ನು ದಾಟಿತು. ಗಾಳಿಗೆ ಲಾರಿ ಅಡ್ಡ ಬಂದ ಕೂಡಲೇ ಬೈಕು ಲಾರಿಯ ಕಡೆಗೇ ಎಳೆಯಿತು. ಅವಳು ತಕ್ಷಣ ಸೆಟೆದು ನೇರ ಮಾಡಿದಳು. ಲಾರಿ ಮುಂದೆ ಹೋಯಿತು, ಗಾಳಿ ಮತ್ತೆ ಬಡಿಯಿತು, ಮತ್ತೆ ವಾಲಿಸಿದಳು. ಯೋಚನೆ ಮಾಡಲೇ ಇಲ್ಲ, ಮೈಯೇ ಮಾಡಿತು.

ರಸ್ತೆ ಬದಿ ನಿಲ್ಲಿಸಿದೆವು. ರೆಕ್ಕೆ ತಗ್ಗಿಸಿ ಇಳಿಸುವ ವಿಧಾನ ಇದೇ ಎಂದು ಅವಳಿಗೆ ಹೇಳಿದೆ. ಗಾಳಿಯ ಕಡೆಗೆ ರೆಕ್ಕೆ ವಾಲಿಸು. ವಾಲಿದಷ್ಟೂ ವಿಮಾನ ಗಾಳಿಯ ಕಡೆಗೆ ಜಾರಲು ನೋಡುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎರಡೂ ಸಮ ಆದರೆ ಗೆರೆಯ ಮೇಲೇ ನಿಲ್ಲುತ್ತದೆ. ಒಂದೇ ವ್ಯತ್ಯಾಸ. ಬೈಕಿಗೆ ನೆಲದ ಹಿಡಿತ ಇದೆ, ವಿಮಾನಕ್ಕೆ ಇಲ್ಲ. ಬರೀ ವಾಲಿಸಿದರೆ ವಿಮಾನ ಬಲಕ್ಕೆ ತಿರುಗಿಯೇ ಬಿಡುತ್ತದೆ. ತಿರುಗದಂತೆ ಎಡಗಾಲಿನಿಂದ ಮೂಗು ಹಿಡಿಯಬೇಕು.

ನಾನು ಇಷ್ಟು ವರ್ಷ ಪಾಠದಲ್ಲಿ ಹೇಳುತ್ತಿದ್ದುದು ಐದೇ ಐದು ಪದ. ಅಲ್ಲಿಯೂ ಅದನ್ನೇ ಹೇಳಿದೆ. ಕಾಲು ಇರೋದು ಮೂಗಿಗೆ, ಕೈ ಜಾಗಕ್ಕೆ. ಮೂಗು ಗೆರೆಗೆ ನೇರ ಇಲ್ಲವಾ? ಕಾಲು. ವಿಮಾನ ಗೆರೆಯಿಂದ ಪಕ್ಕಕ್ಕೆ ಸರಿಯುತ್ತಿದೆಯಾ? ಕೈ. ಎರಡರ ಕೆಲಸ ಕಲಸಬೇಡ. ಆ ದಿನ ಜಾಗ ತಪ್ಪಿದಾಗ ಅವಳು ಕಾಲಿನಿಂದ ಸರಿಮಾಡಲು ಹೋಗಿದ್ದಳು. ಅದಕ್ಕೇ ಅದು ಮಾತು ಕೇಳಲಿಲ್ಲ.

ಯಾವ ವಿಧಾನ ಒಳ್ಳೆಯದು ಎಂಬ ವಾದ ಪೈಲಟ್‌ಗಳಲ್ಲಿ ಮುಗಿಯುವುದೇ ಇಲ್ಲ. ಎರಡೂ ಕೆಲಸ ಮಾಡುತ್ತವೆ. ಕಲಿಯುವವರಿಗೆ ನಾನು ಹೇಳುವುದು ಹೀಗೆ: ದೂರದಿಂದ ಓರೆಯಾಗಿಯೇ ಬನ್ನಿ, ಆರಾಮಾಗಿರುತ್ತದೆ. 200 ಅಡಿ ಎತ್ತರದಲ್ಲೇ ಮೂಗು ನೇರ ಮಾಡಿ ರೆಕ್ಕೆ ತಗ್ಗಿಸಿಕೊಳ್ಳಿ. ಇದರಲ್ಲಿ ವಿಮಾನ ಸ್ವಲ್ಪ ಬೇಗ ಇಳಿಯುತ್ತದೆ, ಒಂಚೂರು ಪವರ್ ಸೇರಿಸಬೇಕು. ಆದರೆ ದೊಡ್ಡ ಲಾಭವೊಂದಿದೆ. ಎಡಗಾಲು ಪೂರ್ತಿ ಒತ್ತಿದರೂ ಮೂಗು ನೇರ ನಿಲ್ಲದಿದ್ದರೆ, ಈ ಗಾಳಿ ಈ ವಿಮಾನಕ್ಕೆ ಜಾಸ್ತಿ ಎಂದು 200 ಅಡಿಯಲ್ಲೇ ಗೊತ್ತಾಗುತ್ತದೆ. ಪವರ್ ಕೊಟ್ಟು ಮೇಲೆ ಹೋಗಲು ಸಮಯ ಇರುತ್ತದೆ. ಕೊನೆಯ ಕ್ಷಣದಲ್ಲಿ ಒದ್ದು ನೇರ ಮಾಡುವವನಿಗೆ ಇದು ಗೊತ್ತಾಗುವುದು ನೆಲದಿಂದ ಮೂರು ಅಡಿ ಮೇಲೆ.

ವೇಗದ ಬಗ್ಗೆ ಒಂದು ಮಾತು. 14ರಿಂದ 20ಕ್ಕೆ ಏರುವ ಗಾಳಿಯಲ್ಲಿ ಆ ಅಂತರದ ಅರ್ಧ, ಅಂದರೆ 3 ನಾಟ್ ಸೇರಿಸಿದರೆ ಸಾಕು. 65ರ ಬದಲು 68. ಅವಳು ಭಯಕ್ಕೆ 75ರಲ್ಲಿ ಬಂದಿದ್ದಳು. ತೇಲಿದ್ದು ಅದಕ್ಕೇ. ಉದ್ದ ರನ್‌ವೇ ಇದ್ದರೆ ಫ್ಲ್ಯಾಪ್ (ನಿಧಾನ ಇಳಿಯಲು ರೆಕ್ಕೆಯ ಹಿಂದೆ ಕೆಳಗಿಳಿಸುವ ಹಲಗೆ) ಕೂಡ ಪೂರ್ತಿ ಹಾಕಬೇಕಿಲ್ಲ.

ಚಳ್ಳಕೆರೆಯ ಪುಷ್ಪಕ್

ಅಲ್ಲೇ ಕೂತು ಮಂಡಕ್ಕಿ ತಿನ್ನುವಾಗ ಅವಳು ಪೂರ್ವದ ಕಡೆ ಕೈ ತೋರಿಸಿ, "ಚಳ್ಳಕೆರೆ ಆ ಕಡೆ ಅಲ್ವಾ ಮಾಮ?" ಎಂದಳು. ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ರನ್‌ವೇ ಇದೆ. ಅವಳು ಕೇಳಿದ್ದು ಇಸ್ರೋದ ಪುಷ್ಪಕ್ ಬಗ್ಗೆ, ಅಂದರೆ ಬಾಹ್ಯಾಕಾಶಕ್ಕೆ ಹೋಗಿ ಮರಳಿ ಇಳಿಯುವಂಥ ವಾಹನದ ಪರೀಕ್ಷಾ ಮಾದರಿಯ ಬಗ್ಗೆ.

2024ರ ಜೂನ್ 23ರಂದು ಆ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಬಿಟ್ಟದ್ದು ರನ್‌ವೇ ಗೆರೆಯಿಂದ 500 ಮೀಟರ್ ಪಕ್ಕಕ್ಕೆ. ಹಿಂದಿನ ಸಲ, ಮಾರ್ಚ್‌ನಲ್ಲಿ, 150 ಮೀಟರ್ ಇತ್ತು. ಗಾಳಿಯೂ ಆ ಸಲಕ್ಕಿಂತ ಜೋರಾಗಿತ್ತು. ಒಳಗೆ ಪೈಲಟ್ ಇಲ್ಲ, ತಳ್ಳುವ ಎಂಜಿನ್ ಇಲ್ಲ. ಮತ್ತೆ ಮೇಲೆ ಹೋಗಿ ಇನ್ನೊಂದು ಸಲ ಬರುತ್ತೇನೆ ಅನ್ನುವ ಅವಕಾಶವೇ ಇಲ್ಲ. ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಇಳಿದು ಗೆರೆಯ ಮೇಲೆ ನಿಂತಿತು.

ಅವಳಿಗೆ ನಾನು ಒತ್ತಿ ಹೇಳಿದ್ದು ಚಕ್ರ ಮುಟ್ಟಿದ ಮೇಲಿನ ಭಾಗ. ಪ್ಯಾರಾಚೂಟ್ ಬಿಚ್ಚಿ ವೇಗ ಸುಮಾರು 100ಕ್ಕೆ ಇಳಿದ ಮೇಲೂ ಪುಷ್ಪಕ್ ರಡ್ಡರ್ (ಬಾಲದ ಚುಕ್ಕಾಣಿ) ಮತ್ತು ಮುಂದಿನ ಚಕ್ರ ಬಳಸಿ ತನ್ನನ್ನು ತಾನೇ ನೇರ ಹಿಡಿದುಕೊಳ್ಳುತ್ತಾ ಓಡಿತು. ಲ್ಯಾಂಡಿಂಗ್ ಚಕ್ರ ಮುಟ್ಟಿದಾಗ ಮುಗಿಯುವುದಿಲ್ಲ, ವಿಮಾನ ನಿಂತಾಗ ಮುಗಿಯುತ್ತದೆ. ನೆಲದ ಮೇಲೆ ವೇಗ ಕಡಿಮೆಯಾದ ಹಾಗೆ ಐಲೆರಾನ್‌ಗೆ (ಯೋಕ್ ತಿರುಗಿಸಿದಾಗ ರೆಕ್ಕೆ ವಾಲಿಸುವ ಹಲಗೆಗೆ) ಬಲ ಕಡಿಮೆಯಾಗುತ್ತದೆ, ಪಕ್ಕದ ಗಾಳಿ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಯೋಕ್ ಅನ್ನು ಸಡಿಲ ಬಿಡುವುದಲ್ಲ, ಗಾಳಿಯ ಕಡೆಗೆ ಇನ್ನೂ ಇನ್ನೂ ತಿರುಗಿಸುತ್ತಾ ಹೋಗಬೇಕು, ಪೂರ್ತಿ ತುದಿ ಮುಟ್ಟುವ ತನಕ. ಮುಂದಿನ ಚಕ್ರ ನೆಲಕ್ಕೆ ಬರುವ ಕ್ಷಣದಲ್ಲಿ ಕಾಲು ನಡುವಿಗೆ ಬರಬೇಕು. ಆಮೇಲೆ ವಿಮಾನದ ಬಾಲ ಗಾಳಿಗೆ ಸಿಕ್ಕಿ ಮೂಗು ಗಾಳಿಯ ಕಡೆ ತಿರುಗಲು ನೋಡುತ್ತದೆ. ಅದನ್ನು ಸಣ್ಣ ಸಣ್ಣ ಒತ್ತಿನಲ್ಲಿ ತಡೆಯಬೇಕು.

ಇಟ್ಟಿಗೆ ಪೆಡಲು, ತಟ್ಟೆ ಯೋಕು

ಉಳಿದ ಐದು ದಿನ ಮನೆಯ ಹಿತ್ತಲಲ್ಲಿ ಅಭ್ಯಾಸ. ಒಂದು ಕುರ್ಚಿ, ಕಾಲಿಗೆ ಎರಡು ಇಟ್ಟಿಗೆ, ಕೈಯಲ್ಲಿ ಊಟದ ಸ್ಟೀಲ್ ತಟ್ಟೆ. ನಾನು ಹೇಳುತ್ತಿದ್ದೆ: "ಬಲಗಾಳಿ. ಇನ್ನೂರು ಅಡಿ. ಎಡಕ್ಕೆ ಸರೀತಿದೆ." ಅವಳು ತಟ್ಟೆ ಬಲಕ್ಕೆ ತಿರುಗಿಸಿ, ಎಡಗಾಲು ಒತ್ತಬೇಕು. "ಲಾರಿ ಬಂತು!" ಅಂದರೆ ಗಾಳಿ ನಿಂತಿತು ಎಂದರ್ಥ. ರನ್‌ವೇ ಪಕ್ಕದ ಮರ, ಹ್ಯಾಂಗರ್ ಎಲ್ಲಾ ಹಾಗೇ ಗಾಳಿ ತಡೆಯುತ್ತವೆ. ಅವಳು ತಟ್ಟೆ, ಕಾಲು ಎರಡನ್ನೂ ಸಡಿಲಿಸಬೇಕು. ಅಕ್ಕ ಮೊದಲ ದಿನ ನಕ್ಕಳು. ಮೂರನೇ ದಿನ ಅವಳೇ ಬಂದು "ಲಾರಿ!" ಎಂದು ಕೂಗತೊಡಗಿದಳು.

ಮೊದಮೊದಲು ಹತ್ತರಲ್ಲಿ ಆರು ಸಲ ಚಕ್ರ ಮುಟ್ಟಿತು ಅಂದ ಕೂಡಲೇ ತಟ್ಟೆ ನಡುವಿಗೆ ಬರುತ್ತಿತ್ತು. ನೋಡಿ, ಕುರ್ಚಿಯಲ್ಲಿ ಕೂತಾಗಲೂ ಆ ಸಮಾಧಾನ ಕೈಯನ್ನು ಬಿಡಿಸಿಬಿಡುತ್ತದೆ. ಐದನೇ ದಿನಕ್ಕೆ ಅದು ಹೋಯಿತು.

ಹೊರಡುವಾಗ ಒಂದೇ ಷರತ್ತು ಹಾಕಿದೆ. ಹೋದ ತಕ್ಷಣ ಲ್ಯಾಂಡಿಂಗ್ ಬೇಡ. ಬೇರೆ ಇನ್‌ಸ್ಟ್ರಕ್ಟರ್ ಕೇಳಿಕೋ. 8 ನಾಟ್ ಅಡ್ಡಗಾಳಿ ಇರುವ ದಿನ ರನ್‌ವೇ ಮೇಲೆ ಹತ್ತು ಹದಿನೈದು ಅಡಿ ಎತ್ತರದಲ್ಲಿ, ಸ್ವಲ್ಪ ಪವರ್ ಇಟ್ಟು, ಉದ್ದಕ್ಕೂ ಹಾರಿಸು, ಇಳಿಸಬೇಡ. ಕಾಲಿನಿಂದ ಮೂಗು ನೇರ ಹಿಡಿದು, ಕೈಯಿಂದ ಎಡ ಅಂಚಿಗೆ ಹೋಗು, ನಡುವಿಗೆ ಬಾ, ಬಲ ಅಂಚಿಗೆ ಹೋಗು. ಇದನ್ನು ಒಬ್ಬಳೇ ಇದ್ದಾಗ ಮಾಡಲೇಬೇಡ.

ಮಾಮೂಲಿ ಲ್ಯಾಂಡಿಂಗ್‌ನಲ್ಲಿ ಕಲಿಯಲು ಸಿಗುವುದು ಐದಾರು ಸೆಕೆಂಡು. ಹೀಗೆ ಹಾರಿಸಿದರೆ ಒಂದು ಸುತ್ತಿಗೆ ಅರ್ಧ ನಿಮಿಷ ಸಿಗುತ್ತದೆ. ಕಲಿಸುವವರು ಇದನ್ನು ಯಾಕೆ ಹೆಚ್ಚು ಮಾಡಿಸುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಎರಡು ವಾರದ ನಂತರ ಸಂಜೆ ಫೋನ್ ಬಂತು. "ಮಾಮ, ಇವತ್ತು ಹನ್ನೊಂದು ನಾಟ್. ಬಲ ಚಕ್ರ ಮೊದ್ಲು ಮುಟ್ತು, ಆಮೇಲೆ ಎಡ. ಕೀರ್ ಅನ್ನಲೇ ಇಲ್ಲ. ಯೋಕ್ ತುದಿ ತನಕ ತಿರುಗ್ಸಿದ್ದೆ." ನಾಲ್ಕು ಸಲ ಇಳಿಸಿದಳಂತೆ. ಐದನೆಯದಕ್ಕೆ ಗಾಳಿ ಏರಿ, 200 ಅಡಿಯಲ್ಲಿ ಕಾಲು ಪೂರ್ತಿ ಒತ್ತಿದರೂ ಮೂಗು ನಿಲ್ಲಲಿಲ್ಲ. ಪವರ್ ಕೊಟ್ಟು ಮೇಲೆ ಹೋದಳು. ಗಾಳಿ ತಗ್ಗುವ ತನಕ ಕಾದು ಆಮೇಲೆ ಇಳಿಸಿದಳು. ಆ ಐದನೆಯದನ್ನು ಕೇಳಿ ನನಗೆ ಉಳಿದ ನಾಲ್ಕಕ್ಕಿಂತ ಜಾಸ್ತಿ ಖುಷಿಯಾಯಿತು.

ಸದ್ಯ ಅವಳು ಬರೆದಿಟ್ಟುಕೊಂಡ ಅಂಕಿ, ಇನ್‌ಸ್ಟ್ರಕ್ಟರ್ ಜೊತೆ 12, ಒಬ್ಬಳೇ ಇದ್ದಾಗ 7, ಜೋರು ಗಾಳಿಯೂ ಅದರೊಳಗೇ ಬರಬೇಕು. ಒಂದು ಕೊರತೆ ಉಳಿದಿದೆ. ಅಭ್ಯಾಸ ಆದದ್ದೆಲ್ಲ ಬಲಗಾಳಿಯಲ್ಲಿ. ಎಡಗಾಳಿ ಬಂದ ಒಂದು ದಿನ ಬಲಗಾಲು ತಡವಾಗಿ ಬಂತು ಎಂದು ಅವಳೇ ಹೇಳಿದಳು. ಮಳೆಗಾಲ ಮುಗಿದು ಪೂರ್ವದ ಗಾಳಿ ಶುರುವಾದ ಮೇಲೆ ಅದೇ ಅಂಚಿನಿಂದ ಅಂಚಿಗೆ ಹಾರುವ ಪಾಠವನ್ನು ಇನ್ನೊಂದು ಸಲ, ಈ ಸಲ ಎಡ ರೆಕ್ಕೆ ತಗ್ಗಿಸಿ ಮಾಡಿಸಬೇಕೆಂದು ಹೊಸ ಇನ್‌ಸ್ಟ್ರಕ್ಟರ್ ಜೊತೆ ಮಾತಾಡಿಟ್ಟಿದ್ದಾಳೆ. ದೀಪಾವಳಿಗೆ ಊರಿಗೆ ಬರುತ್ತಾಳಂತೆ. ಇಟ್ಟಿಗೆ ಎರಡನ್ನೂ ಹಿತ್ತಲಲ್ಲೇ ಇಟ್ಟಿದ್ದೇನೆ.